ತೋಟಗಾರನಿಂದ ಕಲಿಯಬೇಕಾದ ಪಾಠ

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಅಂಗಳದಲ್ಲಿ ನಡೆದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ಕಳೆದ ಕೆಲವು ತಿಂಗಳುಗಳಿಂದ ನಾವು ಧರ್ಮಕೇಂದ್ರದ ಹಳೆಯ ದಫ್ತರಗಳನ್ನು ತಿರುವಿ ನೋಡುತ್ತಿದ್ದೇವೆ. ಅಲ್ಲಿ ದೀಕ್ಷಾಸ್ನಾನದ ವಹಿ ಇದೆ, ವಿವಾಹದ ವಹಿ ಇದೆ, ಮರಣದ ವಹಿ ಇದೆ. ಗಂಟೆಗೆ ಹಣ ಕೊಟ್ಟವರ ಹೆಸರಿದೆ. ಬೆಂಚು ಮಾಡಿಸಿಕೊಟ್ಟವರ ಹೆಸರಿದೆ. ಸುಣ್ಣ ಬಳಿದ ಕೂಲಿಯ ಲೆಕ್ಕವೂ ಇದೆ. ಆದರೆ ಈಗ ತಾವೆಲ್ಲರೂ ಯಾವ ಬೇವಿನ ಮರಗಳ ನೆರಳಿನಲ್ಲಿ ಕುಳಿತಿರುವಿರೋ, ಆ ಮರಗಳನ್ನು ನೆಟ್ಟವರು ಯಾರು, ಅವು ಎಳೆಯವಾಗಿದ್ದಾಗ ನೀರೆರೆದು ಕಾಪಾಡಿದವರು ಯಾರು ಎಂಬ ಸಂಗತಿ ಯಾವ ವಹಿಯಲ್ಲಿಯೂ ಇಲ್ಲ. ಯಾರೋ ಒಬ್ಬ ಗುರುಗಳು ನೆಡಿಸಿರಬಹುದು. ಯಾರೋ ಒಬ್ಬ ಉಪದೇಶಿಯ ಮಡದಿ ಪ್ರತಿದಿನವೂ ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಚೆಲ್ಲಿ ಬೇಸಿಗೆ ದಾಟಿಸಿರಬಹುದು. ಇಂದು ಆ ಅಜ್ಞಾತರ ಕಸುಬನ್ನು ಕುರಿತು, ಎಂದರೆ ತೋಟಗಾರನ ಕಸುಬನ್ನು ಕುರಿತು, ತಮ್ಮೊಡನೆ ನಾಲ್ಕು ಮಾತನಾಡಬೇಕೆಂದು ನಾವು ಬಯಸಿದ್ದೇವೆ. ಇದಕ್ಕೆ ಪ್ರೇರಣೆಯಾದದ್ದು ನಮ್ಮದೇ ಒಂದು ತಪ್ಪು. ಮೊದಲು ಅದನ್ನು ಒಪ್ಪಿಕೊಂಡು ಮುಂದುವರಿಯುವುದು ಲೇಸು.

ಎರಡು ವರ್ಷಗಳ ಹಿಂದೆ ಶತಮಾನೋತ್ಸವದ ಸಿದ್ಧತೆಗಳು ಮೊದಲಾದಾಗ, ಇದೇ ಅಂಗಳದ ದಕ್ಷಿಣದ ಬದಿಯಲ್ಲಿ ಸಸಿ ನೆಡುವ ಸಮಾರಂಭವನ್ನು ಏರ್ಪಡಿಸಿದೆವು. ಅತಿಥಿಗಳು ಬಂದರು, ಹಾರತುರಾಯಿಗಳಾದವು, ಪ್ರತಿಯೊಬ್ಬರೂ ಒಂದೊಂದು ಸಸಿಯ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಂಡರು. ನಾವೂ ತೆಗೆಸಿಕೊಂಡೆವು. ಇನ್ನು ಕೆಲವೇ ವರ್ಷಗಳಲ್ಲಿ ಇಲ್ಲೊಂದು ಹಸಿರು ತೋಪು ಏಳುವುದೆಂದು ಆ ದಿನ ಬಲಿಪೂಜೆಯ ಪ್ರಬೋಧನೆಯಲ್ಲಿ ಹೇಳಿದ್ದೂ ಉಂಟು. ಮುಂದಿನ ಏಪ್ರಿಲ್ ತಿಂಗಳು ಬರುವಷ್ಟರಲ್ಲಿ ಅಲ್ಲಿ ಉಳಿದದ್ದು ಒಣಕಡ್ಡಿಗಳ ಸಾಲು ಮಾತ್ರ. ಹಸಿರಾಗಿ ಉಳಿದ ಸಸಿಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾಗಿದ್ದವು.

ಆಗ ನಮ್ಮ ಮನಸ್ಸು ಹೊರಳಿದ ಬಗೆಯನ್ನೂ ಹೇಳಬೇಕು. ಈ ನೆಲಕ್ಕೆ ಗಿಡ ಹಿಡಿಯುವುದಿಲ್ಲ, ಸಿಮೆಂಟಿನ ಕಲ್ಲು ಹಾಸಿ ವಾಹನಗಳನ್ನು ನಿಲ್ಲಿಸುವುದಕ್ಕಾದರೂ ಅನುಕೂಲ ಮಾಡೋಣ ಎಂಬ ಸಲಹೆ ಬಂದಿತು. ನಾವು ತಲೆಯಾಡಿಸಿದೆವು. ಖರ್ಚಿನ ಅಂದಾಜೂ ತಯಾರಾಯಿತು. ಆ ಕೆಲಸವನ್ನು ತಡೆದವರು ಒಬ್ಬ ತೋಟಗಾರರು. ಕುರುಗೋಡಿನ ಕಡೆಯಿಂದ ಬಂದು ಬಹುಕಾಲ ಅವರಿವರ ತೋಟಗಳಲ್ಲಿ ದುಡಿದ ಹಿರಿಯರವರು. ವಾರಕ್ಕೆರಡು ದಿನ ನಮ್ಮ ಅಂಗಳದ ಕೆಲಸಕ್ಕೆ ಬರುತ್ತಿದ್ದರು. ನಮ್ಮ ಧರ್ಮಸಭೆಯವರಲ್ಲ. ಶಾಲೆಯ ಮೆಟ್ಟಿಲು ಹತ್ತಿದವರೂ ಅಲ್ಲ. ಅವರ ಹೆಸರನ್ನು ಈ ಸಭೆಯಲ್ಲಿ ಹೇಳಬೇಕೆಂದು ನಾವು ಆಸೆಪಟ್ಟೆವು, ಅವರು ಒಪ್ಪಲಿಲ್ಲ. ಕಲ್ಲು ಹಾಸುವ ಸುದ್ದಿ ಕೇಳಿ ಅವರು ನೇರವಾಗಿ ನಮ್ಮ ಬಳಿಗೆ ಬಂದು, “ಫೋಟೋ ತೆಗೆಸಿಕೊಂಡ ಮ್ಯಾಲೆ ಯಾರಾದ್ರೂ ಬಂದು ಗಿಡ ನೋಡೀರೇನ್ರಿ ಫಾದರ್?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರೇ ಮುಂದುವರಿದು, “ಇದೊಂದು ವರ್ಷ ನನಗ ಬಿಡ್ರಿ. ನಾನು ಗುಣಿ ತೆಗೆದು ಗೊಬ್ಬರ ಹಾಕ್ತೀನಿ. ಆಗಲೂ ಬರಲಿಲ್ಲಂದ್ರ ನೀವು ಕಲ್ಲು ಹಾಸ್ರಿ” ಎಂದರು.

ಆ ಮಾತು ಕಿವಿಗೆ ಬಿದ್ದಾಗ ನಾವು ಬೆಚ್ಚಿದೆವು. ಸಂತ ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಅಂಜೂರದ ಮರದ ಸಾಮತಿ ತಮಗೆಲ್ಲ ತಿಳಿದಿದೆ. ಮೂರು ವರ್ಷ ಹಣ್ಣು ಹುಡುಕಿ ಬಂದ ಯಜಮಾನನು ಮರವನ್ನು ಕಡಿಯಲು ಹೇಳುತ್ತಾನೆ. ತೋಟಗಾರನು ಇನ್ನೊಂದು ವರ್ಷ ಉಳಿಸಬೇಕೆಂದು ಬೇಡುತ್ತಾನೆ. ಗುರುಮಠದಲ್ಲಿ ಕಲಿತಂದಿನಿಂದ ಈ ಸಾಮತಿಯನ್ನು ಕುರಿತು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇವೆ. ಆದರೆ ಅದರಲ್ಲಿ ನಾವೇ ಯಜಮಾನನ ಸ್ಥಾನದಲ್ಲಿ ನಿಂತಿರಬಹುದೆಂದು ಎಂದೂ ಯೋಚಿಸಿರಲಿಲ್ಲ. ಆ ಸಾಮತಿಯನ್ನು ಓದಿಯೇ ಇರದ ಹಿರಿಯರೊಬ್ಬರು ಅದನ್ನು ನಮಗೆ ಅಂಗಳದಲ್ಲಿ ನಿಂತು ಬೋಧಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಜಮಾನನ ಲೆಕ್ಕ ತಪ್ಪೆಂದು ತೋಟಗಾರನು ವಾದಿಸುವುದಿಲ್ಲ. ಮರ ಫಲ ಕೊಟ್ಟಿಲ್ಲ, ನೆಲ ಸುಮ್ಮನೆ ಹೋಗುತ್ತಿದೆ ಎಂಬುದು ನಿಜವೇ. ಅವನು ಬರಿಯ ಕಾಲಾವಕಾಶವನ್ನೂ ಬೇಡುವುದಿಲ್ಲ. ಆ ಕಾಲದಲ್ಲಿ ತಾನು ಮಾಡುವ ಕೆಲಸವೇನೆಂದು ಹೇಳುತ್ತಾನೆ: ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ. ಮುಂದಿನ ವರ್ಷ ಆ ಮರ ಹಣ್ಣು ಬಿಟ್ಟಿತೇ ಇಲ್ಲವೇ ಎಂಬುದನ್ನು ಸಾಮತಿ ತಿಳಿಸುವುದೇ ಇಲ್ಲ. ತೋಟಗಾರನ ಪ್ರೀತಿ ಎಂದರೆ ಇದು. ಹಸಿರನ್ನು ಕಂಡು ಹಿಗ್ಗುವುದು ಎಲ್ಲರಿಗೂ ಸಾಧ್ಯ. ಒಣಗಿದ ಕಡ್ಡಿಯ ಮುಂದೆ ಕುಳಿತು, ಇದೇಕೆ ಒಣಗಿತು ಎಂದು ಕೇಳಿ, ಉತ್ತರವನ್ನು ಕಲಿತು, ಮತ್ತೆ ಗುದ್ದಲಿ ಹಿಡಿಯುವವನೇ ತೋಟಗಾರ.

ಆ ಹಿರಿಯರು ನಮ್ಮನ್ನು ಕರೆದೊಯ್ದು ಒಂದು ಒಣಗಿದ ಸಸಿಯನ್ನು ಕಿತ್ತು ತೋರಿಸಿದರು. ಬೇರಿನ ಸುತ್ತ ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು. ಸಮಾರಂಭದ ಅವಸರದಲ್ಲಿ ಅದನ್ನು ಬಿಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬೇರುಗಳು ಚೀಲದೊಳಗೇ ಸುತ್ತಿ ಸುತ್ತಿ ಗಂಟಾಗಿದ್ದವು. ಇನ್ನೊಂದು ಗುಣಿಯ ಗೋಡೆಗಳು ಮಡಕೆಯಂತೆ ನುಣುಪಾಗಿದ್ದವು. ನಮ್ಮ ಸೀಮೆಯ ಎರೆಮಣ್ಣಿನ ಸ್ವಭಾವವನ್ನು ಬೇಸಾಯಗಾರರಾದ ತಮಗೆ ನಾವು ವಿವರಿಸಬೇಕಾಗಿಲ್ಲ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಇಕ್ಕಟ್ಟಾದ ಗುಣಿಯಲ್ಲಿ ಮಳೆಗಾಲದ ನೀರು ಇಂಗದೆ ನಿಂತು ಬೇರು ಕೊಳೆಯುತ್ತದೆ. ಬೇವಿಗಂತೂ ನಿಂತ ನೀರು ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಎಳೆಯ ಬೇರು ಹರಿದುಹೋಗುತ್ತದೆ, ಬಿಸಿಗಾಳಿ ಬಿರುಕಿನೊಳಗೆ ಇಳಿಯುತ್ತದೆ. ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ಮೀರಿ ಕಾಯುವ ಊರು ನಮ್ಮದು. ಇಲ್ಲಿ ಸಸಿ ಸತ್ತರೆ ಮಣ್ಣನ್ನು ದೂರುವುದು ಸುಲಭ. ಸಸಿಗಳು ಸತ್ತದ್ದು ಮಣ್ಣಿನ ದೋಷದಿಂದಲ್ಲ, ಮಣ್ಣನ್ನು ಅರಿಯದ ನಮ್ಮ ದೋಷದಿಂದ.

ಆ ಮೇ ತಿಂಗಳಲ್ಲಿ ಅಗಲವಾದ ಗುಣಿಗಳನ್ನು ತೋಡಿ, ಅವುಗಳ ಗೋಡೆಗಳನ್ನು ಹಾರೆಯಿಂದ ಒರಟು ಮಾಡಿ, ಬಿಸಿಲಿಗೆ ಬಿಟ್ಟೆವು. ಎರೆಮಣ್ಣಿಗೆ ಗರಸು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಮಳೆ ಹಿಡಿದ ಮೇಲೆ ನೀರು ನಿಲ್ಲುವ ತಗ್ಗನ್ನು ಬಿಟ್ಟು ದಿನ್ನೆಯ ಮೇಲೆ ಬೇವು, ಹೊಂಗೆ, ಹುಣಸೆ, ನೆಲ್ಲಿಗಳನ್ನು ನೆಟ್ಟೆವು. ಗೋಡೆಯ ಬದಿಯಲ್ಲಿ ಒಂದು ಅಂಜೂರವನ್ನೂ ಇಟ್ಟೆವು. ಅಂಜೂರ ಬಳ್ಳಾರಿ ಸೀಮೆಯ ರೈತರಿಗೆ ಹೊಸ ಬೆಳೆಯಲ್ಲ. ಬುಡಕ್ಕೆ ಒಣಹುಲ್ಲು ಹೊದಿಸಿ, ಬಿರುಕು ಕಂಡಲ್ಲಿ ಮಣ್ಣು ತುಂಬಿದೆವು. ಈ ಸಲದ ಬೇಸಿಗೆ ಕಳೆಯಿತು. ಕೆಲವು ಗಿಡಗಳು ಹೋದವು, ಹೆಚ್ಚಿನವು ಉಳಿದವು. ಹೋದವು ಏಕೆ ಹೋದವೆಂಬುದು ಈ ಬಾರಿ ನಮಗೆ ಗೊತ್ತು.

ಶಾಲೆಯನ್ನು ಕಾಣದವರಿಗೆ ಇಷ್ಟು ವಿದ್ಯೆ ಹೇಗೆ ಬಂದಿತೆಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ನಮ್ಮ ನಾಡೇ ಕಂಡ ಒಂದು ಬಾಳನ್ನು ಸ್ಮರಿಸಬಯಸುತ್ತೇವೆ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಶ್ರೀಮತಿ ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗ ಸಮುದಾಯಕ್ಕೆ ಸೇರಿದವರು. ತೀರ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾಯಿಯ ಜೊತೆಯಲ್ಲಿ ಸಸ್ಯಪಾಲನಾ ಕ್ಷೇತ್ರದ ಕೂಲಿಗೆ ಹೋದರು. ಅಕ್ಷರಾಭ್ಯಾಸಕ್ಕೆ ಅವಕಾಶವೇ ಆಗಲಿಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದಿನಗೂಲಿಯಾಗಿ ದುಡಿದ ಮೇಲೆ ಅವರ ಕೆಲಸ ಕಾಯಂ ಆಯಿತು. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಅರಸಿ ಬಂದವು. 2020ರಲ್ಲಿ ಘೋಷಿತವಾದ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಸ್ವೀಕರಿಸಲು ಅವರು ತಮ್ಮ ಸಮುದಾಯದ ಉಡುಗೆಯಲ್ಲಿ ಬರಿಗಾಲಿನಲ್ಲಿ ನಡೆದುಬಂದ ದೃಶ್ಯವನ್ನು ತಾವೂ ನೋಡಿರಬಹುದು. 2024ರ ಡಿಸೆಂಬರ್ 16ರಂದು ಅವರು ಕಾಲವಾದರು.

ಪ್ರಶಸ್ತಿಗಳಿಗಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಸೆಳೆದದ್ದು ಅವರ ವಿದ್ಯೆ. ಕಾಡಿನಲ್ಲಿ ಒಂದೇ ಜಾತಿಯ ಹಲವು ಮರಗಳ ನಡುವೆ ತಾಯಿಮರವನ್ನು ಅವರು ಗುರುತಿಸಬಲ್ಲವರಾಗಿದ್ದರು. ಯಾವ ಮರದ ಬೀಜ ಆರೋಗ್ಯವಾದ ಸಸಿಯನ್ನು ಕೊಡುತ್ತದೆ, ಅದನ್ನು ಯಾವ ಕಾಲದಲ್ಲಿ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದೆಲ್ಲ ಅವರಿಗೆ ತಿಳಿದಿತ್ತು. ಆದುದರಿಂದಲೇ ಜನ ಅವರನ್ನು ಕಾಡಿನ ವಿಶ್ವಕೋಶವೆಂದು ಕರೆದರು. ಒಂದೇ ಕೆಲಸವನ್ನು ಅರ್ಧ ಶತಮಾನ ಕಣ್ಣಿಟ್ಟು ಮಾಡಿದುದರ ಫಲ ಅದು. ಕೂಲಿಗಾಗಿ ಮಾಡಿದ ಕೆಲಸವನ್ನು ಕೂಲಿಯ ಮಟ್ಟದಲ್ಲಿಯೇ ಬಿಡದೆ, ನೋಡಿದ್ದನ್ನು ನೆನಪಿನಲ್ಲಿಟ್ಟು, ನೆನಪಿನಲ್ಲಿಟ್ಟದ್ದನ್ನು ಮರುವರ್ಷ ಪರೀಕ್ಷಿಸಿ, ತಿಳಿದದ್ದನ್ನು ಎಳೆಯರಿಗೆ ಹೇಳಿಕೊಟ್ಟರು. ತಮ್ಮ ಸಮುದಾಯದ ಹೆಂಗಸೊಬ್ಬಳಿಗೆ ಬಂದೂಕು ತೋರಿಸಿ ಬೆದರಿಸಿದ ಪ್ರಸಂಗದಲ್ಲಿ, ತಪ್ಪಿತಸ್ಥನಿಗೆ ಶಿಕ್ಷೆಯಾಗಬೇಕೆಂದು ಆಕೆಯ ಪರವಾಗಿ ನಿಂತವರೂ ಇವರೇ. ಎಳೆಯ ಸಸಿಯನ್ನು ಕಾಯುವ ಕೈ ನೊಂದವರನ್ನು ಕಾಯಲೂ ಮುಂದಾದುದರಲ್ಲಿ ಆಶ್ಚರ್ಯವಿಲ್ಲ.

ಹೀಗೆಂದು ಪುಸ್ತಕದ ವಿದ್ಯೆ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಯುವಕರು ಹಾಗೆ ತಿಳಿಯಬಾರದು. ನಮ್ಮ ಧರ್ಮಸಭೆಯ ಗುರುಗಳೇ ಆಗಿದ್ದ, ಯೇಸುಸಭೆಯ ವಂದನೀಯ ಸೆಸಿಲ್ ಸಲ್ಡಾನಾ ಅವರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದವರು. ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು ಅಮೆರಿಕೆಯ ವಿಜ್ಞಾನಿ ಡ್ಯಾನ್ ನಿಕೋಲ್ಸನ್ ಅವರೊಡನೆ ಸೇರಿ ಸಂಪಾದಿಸಿದ ಗ್ರಂಥ 1976ರಲ್ಲಿ ಹೊರಬಂದಿತು. ಇಡೀ ಕರ್ನಾಟಕದ ಸಸ್ಯಸಂಪತ್ತನ್ನು ಕುರಿತ ಗ್ರಂಥದ ಮೊದಲ ಸಂಪುಟ 1984ರಲ್ಲಿಯೂ ಎರಡನೆಯದು 1996ರಲ್ಲಿಯೂ ಪ್ರಕಟವಾದವು. 2002ರಲ್ಲಿ ಅವರು ದೈವಾಧೀನರಾದರು. ಇಂತಹ ಗ್ರಂಥವನ್ನು ಮೇಜಿನ ಮುಂದೆ ಕುಳಿತೇ ಬರೆಯಲಾಗದು. ಕಾಡುಮೇಡು ತಿರುಗಿ ಒಂದೊಂದು ಗಿಡದ ಕೊಂಬೆಯನ್ನು ತಂದು, ಕಾಗದದ ನಡುವೆ ಒತ್ತಿ ಒಣಗಿಸಿ, ಅದರ ಹೆಸರು, ಸಿಕ್ಕಿದ ಸ್ಥಳ, ದಿನಾಂಕ, ತಂದವರ ಹೆಸರು ಇಷ್ಟನ್ನೂ ಪಕ್ಕದಲ್ಲಿ ಬರೆದಿಡಬೇಕು. ನಾವು ದೀಕ್ಷಾಸ್ನಾನದ ವಹಿ ಬರೆಯುವಂತೆ ಗಿಡಗಳಿಗೂ ಒಂದು ವಹಿ ಬರೆಯುವ ಶಿಸ್ತು ಅದು. ತುಳಸಿ ಗೌಡರ ನೆನಪಿನಲ್ಲಿದ್ದದ್ದು ಅವರೊಡನೆ ಹೋಗದೆ ಉಳಿಯಬೇಕಾದರೆ ಬರೆದಿಡುವವರು ಬೇಕು. ಬರೆದಿಡುವವರಿಗೆ ನೆಲದ ಮೇಲೆ ನಡೆದವರ ತಿಳಿವು ಬೇಕು. ಇಬ್ಬರೂ ಒಂದೇ ಶಾಲೆಯ ವಿದ್ಯಾರ್ಥಿಗಳು.

ತೋಟಗಾರಿಕೆಯಲ್ಲಿ ನಾಯಕತ್ವವೆಂದರೇನು ಎಂಬುದಕ್ಕೆ ಡಾಕ್ಟರ್ ಎಂ. ಎಚ್. ಮರೀಗೌಡರ ಉದಾಹರಣೆಯಿದೆ. ಲಾಲ್‌ಬಾಗ್ ಬಹುಕಾಲ ಒಂದು ಸುಂದರವಾದ ಉದ್ಯಾನ. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು ಬಂದ ಜರ್ಮನಿಯ ಕ್ರುಂಬಿಗಲ್ ಅವರು 1908ರಿಂದ 1932ರವರೆಗೆ ಅದನ್ನು ಬೆಳೆಸಿದರು. ಮರೀಗೌಡರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದು, 1963ರಿಂದ 1974ರವರೆಗೆ ರಾಜ್ಯದ ತೋಟಗಾರಿಕೆ ನಿರ್ದೇಶಕರಾಗಿದ್ದರು. ರಾಜಧಾನಿಯಲ್ಲೊಂದು ಚೆಲುವಾದ ತೋಟವಿದ್ದರೆ ಹಳ್ಳಿಯ ರೈತನಿಗೆ ಬಂದ ಲಾಭವೇನು ಎಂದು ಅವರು ಯೋಚಿಸಿದರು. ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆಸಿ, ಒಳ್ಳೆಯ ಕಸಿಗಿಡ ರೈತನಿಗೆ ಅವನ ಊರಿನ ಬಳಿಯೇ ದೊರೆಯುವಂತೆ ಮಾಡಿದರು. ನೀರಾವರಿ ಇಲ್ಲದ ಒಣಭೂಮಿಯಲ್ಲಿಯೂ ಹಣ್ಣಿನ ಮರಗಳನ್ನು ಬೆಳೆಯಬಹುದೆಂದು ರೈತರನ್ನು ಹುರಿದುಂಬಿಸಿದರು. ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂಬ ಗೌರವ ಅವರಿಗೆ ಸಂದಿರುವುದು ಈ ಕಾರಣಕ್ಕಾಗಿ. ತನ್ನ ತೋಟ ಚೆನ್ನಾಗಿದೆಯೆಂದು ತೃಪ್ತನಾಗದೆ, ನೆರೆಯವನ ಹೊಲದ ಬದುವಿನಲ್ಲಿಯೂ ಮರ ಏಳಲಿ ಎಂದು ಬಯಸುವವನು ನಾಯಕ.

ನಮ್ಮ ಅಂಗಳದಲ್ಲಿಯೂ ಇದನ್ನೇ ಕಂಡೆವು. ಆ ಹಿರಿಯರು ಯಾರಿಗೂ ಆಜ್ಞೆ ಮಾಡಲಿಲ್ಲ. ಭಾನುವಾರ ಬಲಿಪೂಜೆ ಮುಗಿಯುವ ಹೊತ್ತಿಗೆ ಕೊಡ ಹಿಡಿದು ಗಿಡಗಳ ನಡುವೆ ಓಡಾಡುತ್ತಿದ್ದರು. ಮೊದಲು ಜ್ಞಾನೋಪದೇಶದ ತರಗತಿಯ ಮಕ್ಕಳು ಸುತ್ತ ನೆರೆದರು. ಮಕ್ಕಳನ್ನು ಹುಡುಕಿಕೊಂಡು ತಾಯಂದಿರು ಬಂದರು. ಆಮೇಲೆ ಸಿರುಗುಪ್ಪದ ಬಾಂಧವರು ಗದ್ದೆಯಿಂದ ಭತ್ತದ ಹುಲ್ಲು ತಂದು ಇಳಿಸಿದರು. ಕುರುಗೋಡಿನವರು ಕೊಟ್ಟಿಗೆ ಗೊಬ್ಬರ ಹೇರಿಕೊಂಡು ಬಂದರು. ಸಭೆ ಕರೆದು ಚಂದಾ ಎತ್ತಿದರೂ ಕೂಡದಿದ್ದ ಜನ ಒಂದು ಕೊಡ ನೀರಿನ ಸುತ್ತ ಕೂಡಿದರು.

ಪ್ರಿಯ ಬಾಂಧವರೇ, ನಮ್ಮ ಮೂರು ಊರುಗಳ ನೆಲ ಒಂದೇ ಬಗೆಯದಲ್ಲ, ಕಷ್ಟವೂ ಒಂದೇ ಬಗೆಯದಲ್ಲ. ಬಳ್ಳಾರಿ ನಗರಕ್ಕೆ ಬಿಸಿಲಿನ, ದೂಳಿನ ಬಾಧೆ. ಇಲ್ಲಿ ಮನೆಯ ಮುಂದಿನ ಒಂದು ಮರವೂ ದೊಡ್ಡ ಉಪಕಾರ. ಕುರುಗೋಡಿನ ಕಲ್ಲುಗುಡ್ಡದ ಬದಿಯಲ್ಲಿ ಮಣ್ಣು ತೆಳು, ನೀರು ವಿರಳ. ಅಲ್ಲಿಗೆ ಸೀತಾಫಲ, ಬಾರೆ, ಹುಣಸೆಗಳು ಒಗ್ಗುತ್ತವೆ. ಸಿರುಗುಪ್ಪದ ಚಿಂತೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿತು. ಕಾಲುವೆಯ ನೀರು ಬರದ ಸೀಮೆಯನ್ನು ಭತ್ತದ ಕಣಜವಾಗಿ ಮಾಡಿತು. ಅದೇ ನೀರು ಅಳತೆ ಮೀರಿ ಹರಿದ ಕಡೆ, ಬಸಿದು ಹೋಗಲು ದಾರಿಯಿಲ್ಲದೆ, ಭೂಮಿ ಜವುಗಾಗಿ ಸವಳು ಮೇಲೆದ್ದಿದೆ. ನೀರಿಲ್ಲದೆ ಸಾಯುವ ಗಿಡವನ್ನು ನಾವು ಬಲ್ಲೆವು. ನೀರು ಹೆಚ್ಚಾಗಿ ಸಾಯುವ ನೆಲವನ್ನೂ ನಮ್ಮ ಕಾಲ ಕಂಡಿತು. ಅಲ್ಲಿ ಬಸಿಗಾಲುವೆ ತೋಡುವುದು, ಡಯಂಚದಂತಹ ಹಸಿರೆಲೆ ಗೊಬ್ಬರ ಬೆಳೆದು ಮಣ್ಣಿಗೆ ಸೇರಿಸುವುದು, ಬದುವಿನ ಮೇಲೆ ಸವಳನ್ನು ತಾಳಬಲ್ಲ ಹೊಂಗೆಯನ್ನು ಬೆಳೆಸುವುದು ಮೊದಲಾದ ಕ್ರಮಗಳಿವೆ. ಆದರೆ ಬಸಿಗಾಲುವೆ ಒಬ್ಬನ ಹೊಲದಲ್ಲಿಯೇ ಮುಗಿಯುವುದಿಲ್ಲ. ಮೇಲಿನವನು ಬಿಟ್ಟ ನೀರು ಕೆಳಗಿನವನ ಹೊಲದಲ್ಲಿ ನಿಲ್ಲುತ್ತದೆ. ನೆರೆಹೊರೆಯವರು ಕುಳಿತು ಮಾತನಾಡದೆ ಆ ಭೂಮಿ ಗುಣವಾಗದು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಆರೈಕೆಯನ್ನೂ ಬಡವರ ಆರೈಕೆಯನ್ನೂ ಒಟ್ಟಿಗೆ ಇಟ್ಟು ನೋಡಿದ್ದಾರೆ. ಕಾಲುವೆಯ ಕೊನೆಯ ಹೊಲದವನನ್ನು ನೆನೆದರೆ ಆ ಮಾತಿನ ಅರ್ಥ ನಮಗೆ ಸುಲಭವಾಗಿ ತಿಳಿಯುತ್ತದೆ.

ಕೊನೆಯದಾಗಿ ಒಂದು ಬಿನ್ನಹ. ಹಳೆಯ ಮೂರು ವಹಿಗಳ ಪಕ್ಕದಲ್ಲಿ ನಾವು ಈಗ ನಾಲ್ಕನೆಯ ವಹಿಯೊಂದನ್ನು ಇಟ್ಟಿದ್ದೇವೆ. ಅದು ಮರಗಳ ವಹಿ. ಒಂದೊಂದು ಪುಟದಲ್ಲಿ ಒಂದೊಂದು ಗಿಡದ ಹೆಸರು, ನೆಟ್ಟ ದಿನ, ನೆಟ್ಟ ಜಾಗ ಬರೆದಿದೆ. ಅದರ ಕೆಳಗೆ ದಾನಿಗಳ ಹೆಸರಿಗೆ ಜಾಗವಿಲ್ಲ. ಫೆಬ್ರವರಿಯಿಂದ ಜೂನ್‌ವರೆಗೆ ಯಾವ ತಿಂಗಳು ಯಾವ ಕುಟುಂಬ ನೀರೆರೆಯುವುದೆಂದು ಬರೆಯುವುದಕ್ಕೆ ಮಾತ್ರ ಜಾಗವಿದೆ. ಗಿಡ ಸತ್ತರೆ ಅದನ್ನೂ, ಸತ್ತ ಕಾರಣವನ್ನೂ ಬರೆಯಬೇಕು, ಮುಚ್ಚಿಡಬಾರದು. ನಮ್ಮ ಮೊದಲನೆಯ ವರ್ಷದ ಸಸಿಗಳ ಸಂಗತಿಯನ್ನು ಮೊದಲ ಪುಟದಲ್ಲಿ ನಾವೇ ನಮ್ಮ ಕೈಯಾರೆ ಬರೆದಿದ್ದೇವೆ. ಸಿರುಗುಪ್ಪ, ಕುರುಗೋಡಿನ ಬಾಂಧವರು ತಮ್ಮ ತಮ್ಮ ಊರುಗಳಲ್ಲಿ ಇಂತಹುದೇ ಒಂದೊಂದು ವಹಿಯನ್ನು ತೆರೆಯಬೇಕೆಂದು ಕೋರುತ್ತೇವೆ.

ನೂರು ವರ್ಷಗಳ ಲೆಕ್ಕದಲ್ಲಿ ನಾವು ನೆಟ್ಟ ಗಿಡಗಳು ಇನ್ನೂ ಮೊಣಕಾಲೆತ್ತರದವು. ಗೋಡೆಯ ಬದಿಯ ಅಂಜೂರ ಈ ವರ್ಷ ಹಣ್ಣು ಬಿಟ್ಟಿಲ್ಲ. ಅದನ್ನು ಕೇಳಿದಾಗ ಆ ಹಿರಿಯರು ನಕ್ಕು, ಬುಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, “ತಡೀರಿ ಫಾದರ್” ಎಂದಷ್ಟೇ ಹೇಳಿದರು. ನಾವು ತಡೆದಿದ್ದೇವೆ, ಕೊಡವನ್ನೂ ಹಿಡಿದಿದ್ದೇವೆ. ತಾವೂ ಮುಂದಿನ ಏಪ್ರಿಲ್ ತಿಂಗಳಲ್ಲಿ, ಭಾವಚಿತ್ರ ತೆಗೆಯುವವರು ಯಾರೂ ಇಲ್ಲದ ಒಂದು ಸಂಜೆ, ಒಮ್ಮೆ ಬಂದು ನೋಡಬೇಕೆಂದು ಪ್ರಾರ್ಥಿಸುತ್ತೇವೆ.

ದೇವರು ತಮ್ಮೆಲ್ಲರನ್ನೂ, ತಮ್ಮ ಹೊಲಮನೆಗಳನ್ನೂ ಆಶೀರ್ವದಿಸಲಿ.